ಹಲ್ಲಿನ ಕಂದು ಗೆರೆ, ಬೋರಿನ ನೀರು ಮತ್ತು ಒಂದು ಸಮೀಕ್ಷೆಯ ಲೆಕ್ಕ

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಶೇಂಗಾ ಬೆಳೆಯುತ್ತೇವೆ, ಎರಡು ಎಮ್ಮೆ ಇವೆ. ಹೋದ ವರ್ಷ ಒಂದು ಕಾಲೇಜಿನವರು ಬಂದು ಊರಿನ ಶಾಲೆಯ 45 ಮಕ್ಕಳ ಹಲ್ಲು ನೋಡಿ, ನೀರಿನ ಸ್ಯಾಂಪಲ್ ತೆಗೆದುಕೊಂಡು ಹೋದರು. 28 ಮಕ್ಕಳಿಗೆ ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆ ಕೆಡುವುದು) ಇದೆ, ಬೋರಿನ ನೀರಿನಲ್ಲಿ ಲೀಟರಿಗೆ 2.8 ಮಿಲಿಗ್ರಾಂ ಫ್ಲೋರೈಡ್ ಇದೆ ಎಂದರು. ಆಮೇಲೆ ಪೇಪರಿನಲ್ಲಿ ‘ಶೇ 62 ಮಕ್ಕಳಿಗೆ ಫ್ಲೋರೋಸಿಸ್, ಬುದ್ಧಿಮಟ್ಟಕ್ಕೂ ಕುತ್ತು’ ಅಂತ ಬಂತು. ಅಲ್ಲಿಂದ ಶುರುವಾಯಿತು ತಲೆನೋವು. ನನ್ನ ತಂಗಿಗೆ ನೋಡಿದ್ದ ಗಂಡಿನ ಕಡೆಯವರು ‘ಆ ಊರಿನ ನೀರು ಸರಿ ಇಲ್ಲವಂತೆ, ಹುಟ್ಟೋ ಮಕ್ಕಳೂ ಹಂಗೇ ಆದ್ರೆ?’ ಅಂದು ಹಿಂದೆ ಸರಿದರು. ನನ್ನ ಮಗಳಿಗೆ 9 ವರ್ಷ, ಮುಂದಿನ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾಳೆ. ಮಗನಿಗೆ ಎರಡೂವರೆ ವರ್ಷ. ಅಮ್ಮನಿಗೆ ಮಂಡಿ ನೋವು. ಕುಡಿಯಲು ಫಿಲ್ಟರ್ ನೀರು ತರುತ್ತೇವೆ, ಅಡಿಗೆಗೆ ನಲ್ಲಿ ನೀರು. ಅದನ್ನೂ ಕಾಯಿಸಿಯೇ ಬಳಸುತ್ತೇವೆ. ನಮ್ಮ ಮಕ್ಕಳು ನಿಜವಾಗಿಯೂ ದಡ್ಡರಾಗುತ್ತಾರಾ? ಊರಿನ ಹಳೇ ಸೇದೋ ಬಾವಿಯ ನೀರು ಒಳ್ಳೆಯದು ಅಂತ ಅಜ್ಜಂದಿರು ಹೇಳುತ್ತಾರೆ, ಅದಕ್ಕೇ ಹೋಗೋಣವಾ? ಮಗನನ್ನು ದಾವಣಗೆರೆಯ ಅಕ್ಕನ ಮನೆಯಲ್ಲಿ ಬಿಡೋಣ ಅಂತಲೂ ಯೋಚನೆ ಇದೆ.

ಉತ್ತರ: ನೀವು ನೀರಿನ ಬಗ್ಗೆ ಕೇಳಿದ್ದೀರಿ. ಆದರೆ ಪತ್ರ ಓದಿದರೆ ನಿಮ್ಮನ್ನು ನೀರಿಗಿಂತ ಹೆಚ್ಚು ಕಾಡುತ್ತಿರುವುದು ಪೇಪರಿನ ಆ ತಲೆಬರಹ. ಹಾಗಾಗಿ ಮೊದಲು ಅದನ್ನು ಇತ್ಯರ್ಥ ಮಾಡಿ ಆಮೇಲೆ ನೀರಿಗೆ ಬರುತ್ತೇನೆ. ನಾನು ಕಾಲೇಜಿನಲ್ಲಿ ಸಮುದಾಯ ವೈದ್ಯಶಾಸ್ತ್ರ ಕಲಿಸುವವನು. ಇಂಥ ಸಮೀಕ್ಷೆ ಮಾಡುವ ಹುಡುಗ ಹುಡುಗಿಯರ ಲೆಕ್ಕ ತಿದ್ದುವುದು ನನ್ನ ದಿನನಿತ್ಯದ ಕೆಲಸ.

45ರಲ್ಲಿ 28 ಎಂದರೆ ಶೇ 62, ಅದೇನೋ ಸರಿ. ಆದರೆ 45 ಬಹಳ ಸಣ್ಣ ಸಂಖ್ಯೆ. ಅಷ್ಟು ಮಕ್ಕಳನ್ನು ನೋಡಿ ಹೇಳಲು ಬರುವುದು ‘ನಿಜವಾದ ಪ್ರಮಾಣ ಹೆಚ್ಚುಕಡಿಮೆ ಶೇ 48ರಿಂದ 76ರ ನಡುವೆ ಎಲ್ಲೋ ಇದೆ’ ಎಂದಷ್ಟೇ. ಇನ್ನೊಂದು ವಿಷಯ: ಇಂಥ ಅಧ್ಯಯನಕ್ಕೆ ಊರನ್ನು ಚೀಟಿ ಎತ್ತಿ ಆರಿಸುವುದಿಲ್ಲ. ಫ್ಲೋರೈಡ್ ಇದೆ ಎಂದು ಮೊದಲೇ ಗೊತ್ತಿರುವ ಊರಿಗೇ ಹೋಗುತ್ತಾರೆ. ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಕಡೆ ಅಂಥ ಊರುಗಳಿಗೆ ಕೊರತೆ ಇಲ್ಲ. ಅಂದಮೇಲೆ ನಿಮ್ಮೂರು ಒಂದೇ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಆ ಅಂಕಿಯಲ್ಲಿ ಆಧಾರವಿಲ್ಲ. ಪಕ್ಕದೂರಿಗೆ ಯಾರೂ ಹೋಗಿಲ್ಲ, ಅಷ್ಟೇ.

ಇನ್ನು ಆ 28 ಮಕ್ಕಳು. ಹಲ್ಲಿನ ಫ್ಲೋರೋಸಿಸ್ ಅಳೆಯಲು ಅಮೆರಿಕದ ಟ್ರೆಂಡ್ಲಿ ಡೀನ್ ಎಂಬ ದಂತವೈದ್ಯರು 1930–40ರ ದಶಕದಲ್ಲಿ ಮಾಡಿದ ದರ್ಜೆಗಳನ್ನು ಈಗಲೂ ಬಳಸುತ್ತಾರೆ. ಸುಣ್ಣ ಸಿಡಿದಂತೆ ಸಣ್ಣ ಬಿಳಿ ಚುಕ್ಕೆ ಇದ್ದರೂ ಒಂದು ದರ್ಜೆ, ಹಲ್ಲು ಕಂದು ತಿರುಗಿ ಗುಳಿ ಬಿದ್ದಿದ್ದರೂ ಒಂದು ದರ್ಜೆ. ಒಂದು ಶೇಕಡಾವಾರಿನಲ್ಲಿ ಎರಡೂ ಒಟ್ಟಿಗೆ ಸೇರಿಹೋಗುತ್ತವೆ. ಆ ಕಾಲೇಜಿಗೆ ಒಂದು ಪತ್ರ ಬರೆದು ದರ್ಜೆವಾರು ಲೆಕ್ಕ ಕೊಡಿ ಎಂದು ಪಂಚಾಯಿತಿಯಿಂದ ಕೇಳಿಸಿ. ಮಕ್ಕಳ ಬಾಯಿ ತೆರೆಸಿ ನೋಡಿದವರು ಫಲಿತಾಂಶವನ್ನು ಊರಿಗೆ ತಿರುಗಿ ಹೇಳಬೇಕಾದದ್ದು ಅವರ ಕರ್ತವ್ಯ, ನಿಮಗೆ ಮಾಡುವ ಉಪಕಾರವಲ್ಲ. ನಮ್ಮ ಕಡೆಯ ಸಂಶೋಧನೆಯಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವ ಹೆಜ್ಜೆ ಇದೇ. ಥೀಸಿಸ್ ಬೈಂಡ್ ಆಗಿ ಲೈಬ್ರರಿ ಸೇರುತ್ತದೆ, ಊರಿಗೆ ತಲುಪುವುದು ತಲೆಬರಹ ಮಾತ್ರ.

ಬುದ್ಧಿಮಟ್ಟದ ಮಾತು ಎಲ್ಲಿಂದ ಬಂತು? ನಿಮ್ಮ ಪತ್ರದ ಪ್ರಕಾರ ಆ ತಂಡ ಹಲ್ಲು ನೋಡಿದೆ, ನೀರು ಒಯ್ದಿದೆ. ಬುದ್ಧಿ ಪರೀಕ್ಷೆ ಮಾಡಿಯೇ ಇಲ್ಲ. ಬೇರೆ ಕಡೆಯ ಸಂಶೋಧನೆಯ ಮಾತನ್ನು ವರದಿಗಾರರು ನಿಮ್ಮೂರಿನ ಅಂಕಿಯ ಪಕ್ಕ ಅಂಟಿಸಿದ್ದಾರೆ.

ಹಾಗಂತ ಆ ಸಂಶೋಧನೆ ಸುಳ್ಳೇನೂ ಅಲ್ಲ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮದವರು 2024ರ ಆಗಸ್ಟ್‌ನಲ್ಲಿ ಒಂದು ದೊಡ್ಡ ಪರಿಶೀಲನೆ ಪ್ರಕಟಿಸಿದರು. ಚೀನಾ, ಭಾರತ, ಇರಾನ್, ಪಾಕಿಸ್ತಾನ, ಮೆಕ್ಸಿಕೊ, ಕೆನಡಾದಂಥ ದೇಶಗಳ ಅಧ್ಯಯನಗಳನ್ನು ಮುಖ್ಯವಾಗಿ ಆಧರಿಸಿ ಅವರು ಹೇಳಿದ್ದು ಇಷ್ಟು: ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ಕಡೆ ಮಕ್ಕಳ ಐಕ್ಯೂ (ಬುದ್ಧಿಮಟ್ಟದ ಅಂಕ) ಕಡಿಮೆ ಇರುವುದು ಕಾಣುತ್ತದೆ, ಈ ಮಾತಿನ ಮೇಲೆ ನಮಗೆ ಮಧ್ಯಮ ಮಟ್ಟದ ಭರವಸೆ ಇದೆ. 2025ರ ಆರಂಭದಲ್ಲಿ ಬಂದ ಇನ್ನೊಂದು ವಿಶ್ಲೇಷಣೆ 74 ಅಧ್ಯಯನಗಳನ್ನು ಒಟ್ಟುಗೂಡಿಸಿತು. ಬಹುಪಾಲು ಅಧ್ಯಯನಗಳು ಅದೇ ದಿಕ್ಕಿಗೆ ಬೊಟ್ಟು ಮಾಡಿದವು. ಆದರೆ ಆ 74ರಲ್ಲಿ 52 ಅಧ್ಯಯನಗಳಲ್ಲಿ ಪಕ್ಷಪಾತದ ಸಾಧ್ಯತೆ ಹೆಚ್ಚು ಎಂದು ವಿಶ್ಲೇಷಕರೇ ಗುರುತು ಹಾಕಿದ್ದಾರೆ.

ಇಲ್ಲಿ ಪಕ್ಷಪಾತ ಎಂದರೆ ಯಾರೋ ಲಂಚ ತಿಂದರು ಎಂದಲ್ಲ. ನಮ್ಮ ಕಡೆಯದೇ ಉದಾಹರಣೆ ನೋಡಿ. ಫ್ಲೋರೈಡ್ ಹೆಚ್ಚಿರುವ ಹಳ್ಳಿ ಎಂದರೆ ಸಾಮಾನ್ಯವಾಗಿ ಮಳೆ ಕಡಿಮೆ ಇರುವ, ಬೋರು ಆಳಕ್ಕಿಳಿದ, ವರ್ಷದಲ್ಲಿ ಒಂದಷ್ಟು ತಿಂಗಳು ಅಪ್ಪ ಅಮ್ಮ ಗುಳೆ ಹೋಗುವ ಹಳ್ಳಿ. ಅಲ್ಲಿ ಶಾಲೆ ತಪ್ಪಿಸುವ ಮಕ್ಕಳು ಹೆಚ್ಚು, ರಕ್ತಹೀನತೆಯೂ ಹೆಚ್ಚು. ಅಂಥ ಮಗುವಿನ ಮುಂದೆ ಚಿತ್ರದ ಒಗಟು ಇಟ್ಟು, ದಾವಣಗೆರೆಯ ಕಾನ್ವೆಂಟಿನ ಮಗುವಿನ ಮುಂದೆಯೂ ಅದೇ ಒಗಟು ಇಟ್ಟು, ಅಂಕದಲ್ಲಿ ಬಂದ ವ್ಯತ್ಯಾಸವನ್ನೆಲ್ಲ ನೀರಿನ ತಲೆಗೆ ಕಟ್ಟಿದರೆ ಅದು ಲೆಕ್ಕ ಅನ್ನಿಸಿಕೊಳ್ಳುವುದಿಲ್ಲ. ಒಳ್ಳೆಯ ಅಧ್ಯಯನಗಳು ಇವನ್ನೆಲ್ಲ ಬೇರೆ ಮಾಡಿ ನೋಡುತ್ತವೆ. ಹಾಗೆ ನೋಡಿದವುಗಳಲ್ಲೂ ಸ್ವಲ್ಪ ಪರಿಣಾಮ ಉಳಿಯುತ್ತದೆ. ಅದಕ್ಕೇ ನಾನು ಇದನ್ನು ತಳ್ಳಿಹಾಕುವುದಿಲ್ಲ.

ಈಗ ಕೆಟ್ಟದ್ದನ್ನೇ ಊಹಿಸೋಣ. ಎರಡು ಊರಿನ ಮಕ್ಕಳ ಸರಾಸರಿ ಐಕ್ಯೂ ನಡುವೆ 5 ಅಂಕದಷ್ಟು ವ್ಯತ್ಯಾಸ ಇದೆ, ಅದು ಪೂರ್ತಿ ಫ್ಲೋರೈಡಿನದೇ ಎಂದು ಇಟ್ಟುಕೊಳ್ಳಿ. ಒಂದೇ ಊರಿನ ಮಕ್ಕಳಲ್ಲೇ ಐಕ್ಯೂ ಎಷ್ಟು ಹರಡಿಕೊಂಡಿರುತ್ತದೆ ಎಂದರೆ, ನಿಮ್ಮೂರಿನ ಒಂದು ಮಗು, ಆ ಊರಿನ ಒಂದು ಮಗು ಹೀಗೆ ಕಣ್ಣುಮುಚ್ಚಿ ನೂರು ಜೋಡಿ ಮಾಡಿದರೆ ಸುಮಾರು 40 ಜೋಡಿಗಳಲ್ಲಿ ನಿಮ್ಮೂರ ಮಗುವೇ ಮುಂದಿರುತ್ತದೆ. ಇಡೀ ಜಿಲ್ಲೆಯ ಮಟ್ಟದಲ್ಲಿ 5 ಅಂಕ ಇಳಿಯುವುದು ಸರ್ಕಾರ ನಿದ್ದೆಗೆಡಬೇಕಾದ ಸಂಗತಿ. ಆದರೆ ನಿಮ್ಮ ಮಗಳು ಗಣಿತದಲ್ಲಿ ಹೇಗೆ ಎಂದು ಅದು ಹೇಳುವುದಿಲ್ಲ. ಅದಕ್ಕೆ ಅವಳ ಪಾಟಿ ನೋಡಬೇಕು. ಹಲ್ಲಿನ ಗೆರೆ ನೋಡಿ ಬುದ್ಧಿ ಅಳೆಯುವ ಮೇಷ್ಟ್ರು ಯಾರಾದರೂ ಇದ್ದರೆ ಈ ಉತ್ತರವನ್ನು ಅವರಿಗೆ ಓದಿಸಿ.

ತಂಗಿಯ ಸಂಬಂಧದ ವಿಷಯ ಎರಡೇ ಮಾತಿನಲ್ಲಿ ಮುಗಿಯುತ್ತದೆ. ಫ್ಲೋರೋಸಿಸ್ ವಂಶದಲ್ಲಿ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಅವಳ ಮಕ್ಕಳ ಹಲ್ಲು ಹೇಗಿರುತ್ತದೆ ಎಂಬುದು ಆ ಮಕ್ಕಳು ಬೆಳೆಯುವ ಮನೆಯ ನೀರಿನ ಮೇಲೆ ನಿಂತಿದೆ, ಅಂದರೆ ಗಂಡನ ಊರಿನ ನೀರಿನ ಮೇಲೆ. ಹಿಂದೆ ಸರಿದವರು ತಮ್ಮ ಬೋರಿನ ನೀರು ಪರೀಕ್ಷೆ ಮಾಡಿಸಿದ್ದಾರಾ ಎಂದು ಒಂದು ಮಾತು ಕೇಳಬಹುದಿತ್ತು.

ಈಗ ನೀರಿಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ನಮ್ಮ ದೇಶದ ಮಾನಕ 1 ಮಿಲಿಗ್ರಾಂ ಸಾಕು ಎನ್ನುತ್ತದೆ, ಬೇರೆ ಮೂಲವೇ ಇಲ್ಲದ ಕಡೆ 1.5ರವರೆಗೆ ಒಪ್ಪುತ್ತದೆ. ನಿಮ್ಮ 2.8 ಎರಡನ್ನೂ ದಾಟಿದೆ. ಆದರೆ ದೇಹಕ್ಕೆ ಲೆಕ್ಕ ಸಿಗುವುದು ಲೀಟರಿನಲ್ಲಿ ಎಷ್ಟಿದೆ ಎಂಬುದರಿಂದಲ್ಲ, ದಿನಕ್ಕೆ ಒಟ್ಟು ಎಷ್ಟು ಒಳಗೆ ಹೋಯಿತು ಎಂಬುದರಿಂದ. ಏಪ್ರಿಲ್ ಬಿಸಿಲಲ್ಲಿ ಹೊಲದಲ್ಲಿ ದುಡಿಯುವವರು ನಾಲ್ಕು ಲೀಟರ್ ಕುಡಿದರೆ 11 ಮಿಲಿಗ್ರಾಂ ಆಯಿತು. ದೊಡ್ಡವರಿಗೆ ದಿನಕ್ಕೆ 10 ಮೀರಬಾರದು ಎನ್ನುತ್ತದೆ ಅಮೆರಿಕದ ಪೋಷಕಾಂಶ ಮಾರ್ಗಸೂಚಿ. ಒಂದರಿಂದ ಮೂರು ವರ್ಷದ ಮಗುವಿಗೆ ಅದೇ ಮಾರ್ಗಸೂಚಿಯ ಮಿತಿ 1.3. ನಿಮ್ಮ ಮಗ ಆ ನೀರನ್ನು ಒಂದು ಲೀಟರ್ ಕುಡಿದರೂ ಮಿತಿಯ ಎರಡರಷ್ಟು ದಾಟಿದಂತೆ. ನಾನು ನಿಮ್ಮ ಮನೆಯಲ್ಲಿ ಮೊದಲು ಚಿಂತೆ ಮಾಡುವುದು ಅವನ ಬಗ್ಗೆಯೇ, ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಇಷ್ಟು ಫ್ಲೋರೈಡ್ ಎಲ್ಲಿಂದ ಬರುತ್ತದೆ? ಗೊಬ್ಬರದಿಂದ, ಕಾರ್ಖಾನೆಯಿಂದ ಎಂದು ನಿಮ್ಮ ಕಡೆ ಹಲವರು ನಂಬಿದ್ದಾರೆ. ನಿಮ್ಮ ಊರುಗಳ ಮಟ್ಟಿಗೆ ಮುಖ್ಯ ಕಾರಣ ಕಾಲಡಿಯ ಬಂಡೆ. ಗ್ರಾನೈಟ್ ಮತ್ತು ನೈಸ್ ಎಂಬ ಪಟ್ಟೆಗಲ್ಲಿನಲ್ಲಿ ಫ್ಲೋರೈಟ್, ಅಪಟೈಟ್, ಕಪ್ಪು ಕಾಗೆಬಂಗಾರದಂಥ ಖನಿಜಗಳಿವೆ. ಬಂಡೆಯ ಸೀಳಿನಲ್ಲಿ ನೀರು ವರ್ಷಗಟ್ಟಲೆ ನಿಂತಾಗ ಅವುಗಳಲ್ಲಿನ ಫ್ಲೋರೈಡ್ ಕರಗಿ ಬರುತ್ತದೆ. ಮಳೆ ಕಡಿಮೆ, ಆದ್ದರಿಂದ ಹೊಸ ನೀರು ಸೇರಿ ತಿಳಿಯಾಗುವುದೂ ಕಡಿಮೆ. ಬೋರು ಆಳವಾದಷ್ಟೂ ಹಳೆಯ ನೀರು. ಇಲ್ಲಿ ಒಂದು ಮೋಸ ಇದೆ, ಗಮನಿಸಿ. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಫ್ಲೋರೈಡನ್ನು ಹೆಚ್ಚು ಕರಗಲು ಬಿಡುವುದಿಲ್ಲ. ಕ್ಯಾಲ್ಸಿಯಂ ಕಡಿಮೆ ಇದ್ದು ಸೋಡಾದ ಗುಣ ಇರುವ, ಸೋಪು ಚೆನ್ನಾಗಿ ನೊರೆ ಬರುವ, ಬೇಳೆ ಬೇಗ ಬೇಯುವ ಮೆದು ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಸಾಧ್ಯತೆ ಜಾಸ್ತಿ. ‘ಆ ಬೋರು ಸಿಹಿ, ಈ ಬೋರು ಸವುಳು’ ಎಂದು ನಾಲಿಗೆಯಲ್ಲಿ ಆರಿಸಿದರೆ ಕೆಲವೊಮ್ಮೆ ಕೆಟ್ಟದ್ದೇ ಕೈಗೆ ಬರುತ್ತದೆ. ಈ ಪ್ರಮಾಣದ ಫ್ಲೋರೈಡಿಗೆ ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣವೂ ಇಲ್ಲ.

ಅಜ್ಜಂದಿರ ಸೇದೋ ಬಾವಿಯ ಮಾತಿಗೆ ಬರುತ್ತೇನೆ. ಫ್ಲೋರೈಡಿನ ಮಟ್ಟಿಗೆ ಅವರು ಹೇಳುವುದರಲ್ಲಿ ಹುರುಳಿರಬಹುದು. ಮೇಲ್ಪದರದ, ಮಳೆಗೆ ತುಂಬುವ, ಕೆರೆ ಹಿಂದಿನ ಬಾವಿಯಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ನಮ್ಮ ಸೀಮೆ ಕೆರೆ, ಹೊಂಡಗಳ ಮೇಲೆ ನಿಂತ ಸೀಮೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಇವತ್ತಿಗೂ ನೆನೆಯುವುದು ಕೆರೆ ಕಟ್ಟಿಸಿದವರೆಂದೇ. ದುರ್ಗದ ಪೇಟೆಯಲ್ಲಿ ಸಿಹಿನೀರು ಹೊಂಡ, ಸಂತೆಹೊಂಡ ಇವೆ. ಆ ನೀರು ಕುಡಿದವರ ಹಲ್ಲು ಚೆನ್ನಾಗಿತ್ತು ಎಂದರೆ ನಾನು ನಂಬುತ್ತೇನೆ.

ಆದರೆ ಅಜ್ಜಂದಿರು ಹೇಳದ ಭಾಗವೂ ಒಂದಿದೆ. ನಾರುಹುಣ್ಣು ಎಂದು ಅವರನ್ನೇ ಕೇಳಿ, ಮುಖ ಹೇಗಾಗುತ್ತದೆ ನೋಡಿ. ಮೆಟ್ಟಿಲಿಳಿದು ಕಾಲು ಅದ್ದಿ ನೀರು ತುಂಬುವ ಬಾವಿಗಳಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಸೈಕ್ಲಾಪ್ಸ್ ಹುಳು, ಅದರೊಳಗೆ ನಾರುಹುಳುವಿನ ಮರಿ ಇರುತ್ತಿತ್ತು. ಅದು ಹೊಟ್ಟೆ ಸೇರಿ ಸುಮಾರು ಒಂದು ವರ್ಷದ ಮೇಲೆ ಕಾಲಿನ ಚರ್ಮ ಸೀಳಿಕೊಂಡು ಎರಡು ಮೊಳದವರೆಗಿನ ಉದ್ದದ ನಾರಿನಂಥ ಹುಳು ಹೊರಬರುತ್ತಿತ್ತು. ಬಿತ್ತನೆಯ ಕಾಲದಲ್ಲೇ ಆಳು ಮಲಗಿಬಿಡುತ್ತಿದ್ದ. ಆ ಪಿಡುಗು ಇದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೆಟ್ಟಿಲು ಬಾವಿ ಮುಚ್ಚಿ ಕೈಪಂಪು ಹಾಕಿದ್ದು ಅದರ ವಿರುದ್ಧ ಹೂಡಿದ ಮುಖ್ಯ ಉಪಾಯಗಳಲ್ಲಿ ಒಂದು. ದೇಶದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ, 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಎಂದು ಘೋಷಣೆಯಾಯಿತು. ವಾಂತಿಭೇದಿಯ ಸಾವುಗಳು ಇಳಿದುದರಲ್ಲೂ ಕೈಪಂಪಿನ ಪಾಲಿದೆ. ಇದಲ್ಲದೆ, ಆ ಸಿಹಿನೀರಿನ ಬಾವಿಯ ಕಟ್ಟೆ ಹತ್ತಲು ಊರಿನ ಎಲ್ಲರಿಗೂ ಬಿಡುತ್ತಿರಲಿಲ್ಲ. ಕೇರಿಯವರು ಕೊಡ ಇಟ್ಟುಕೊಂಡು ಯಾರಾದರೂ ಹುಯ್ಯಲಿ ಎಂದು ಕಾಯುತ್ತಿದ್ದರು. ಕೇರಿಯಲ್ಲೇ ಕೈಪಂಪು ಬಂದ ದಿನ ಆ ಕಾಯುವುದು ತಪ್ಪಿತು. ಹೀಗಾಗಿ ಬೋರಿನ ನೀರನ್ನು ‘ವಿಷ’, ಹಳೇ ಕಾಲವನ್ನು ‘ಅಮೃತ’ ಎನ್ನುವ ಮಾತು ನನಗೆ ರುಚಿಸುವುದಿಲ್ಲ. ಬೋರು ನಮ್ಮನ್ನು ದೊಡ್ಡ ರೋಗಗಳಿಂದ ಪಾರು ಮಾಡಿತು, ಬಂಡೆಯೊಳಗಿನ ಫ್ಲೋರೈಡನ್ನು ಮನೆಬಾಗಿಲಿಗೆ ತಂದಿಟ್ಟಿತು. ಎರಡೂ ನಿಜ.

ಬಾವಿಗೆ ಹೋಗುವುದಾದರೆ ಪರೀಕ್ಷೆ ಮಾಡಿಸಿ ಹೋಗಿ. ಫ್ಲೋರೈಡ್ ಜೊತೆ ನೈಟ್ರೇಟ್ (ಗೊಬ್ಬರ, ಮಲಮೂತ್ರದಿಂದ ನೀರಿಗೆ ಸೇರುವ ಲವಣ), ಕೀಟಾಣು ಎರಡನ್ನೂ ನೋಡಿಸಿ. ತಿಪ್ಪೆಗುಂಡಿ, ಶೌಚಗುಂಡಿ ಹತ್ತಿರ ಇರುವ ಬಾವಿಯಲ್ಲಿ ನೈಟ್ರೇಟ್ ಏರಿರುತ್ತದೆ. ಕ್ಲೋರಿನ್ ಹಾಕಿ ಕೀಟಾಣು ಕೊಲ್ಲಬಹುದು, ನೈಟ್ರೇಟಿಗೆ ಅದು ನಾಟುವುದಿಲ್ಲ.

ಮನೆಯಲ್ಲಿ ನೀವು ಮಾಡುತ್ತಿರುವ ಒಂದು ಕೆಲಸವನ್ನು ಈಗಲೇ ನಿಲ್ಲಿಸಬೇಕು. ಕಾಯಿಸುವುದರಿಂದ ಕೀಟಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. 10 ಲೀಟರ್ ಕುದಿದು 9 ಆದರೆ ನಿಮ್ಮ 2.8 ಹೋಗಿ 3.1 ಆಯಿತು. ತಾಮ್ರದ ಬಿಂದಿಗೆ, ತುಳಸಿ ಎಲೆ, ಬಟ್ಟೆಯಲ್ಲಿ ಸೋಸುವುದು, ಸಾಮಾನ್ಯ ಕ್ಯಾಂಡಲ್ ಫಿಲ್ಟರ್, ಇವ್ಯಾವುವೂ ಫ್ಲೋರೈಡಿಗೆ ಆಗುವುದಿಲ್ಲ. ಪಟಿಕ ತಿರುವಿದರೆ ರಾಡಿ ತಳ ಸೇರುತ್ತದೆ, ಅಷ್ಟೇ. ಪಟಿಕ, ಸುಣ್ಣ ಹಾಕಿ ಫ್ಲೋರೈಡ್ ತೆಗೆಯುವ ‘ನಲಗೊಂಡ ವಿಧಾನ’ ಒಂದನ್ನು ನಾಗಪುರದ ನೀರಿ ಸಂಸ್ಥೆ ರೂಪಿಸಿದೆ ನಿಜ. ಆದರೆ ಅದಕ್ಕೆ ನೀರಿನ ಗುಣ ನೋಡಿ ಅಳತೆ ಮಾಡಿ ಹಾಕಬೇಕು, ಕೆಸರು ತೆಗೆಯಬೇಕು, ಅಳತೆ ತಪ್ಪಿದರೆ ಅಲ್ಯೂಮಿನಿಯಂ ನೀರಿನಲ್ಲಿ ಉಳಿಯುತ್ತದೆ. ಮನೆಯಲ್ಲಿ ಅದರ ಗೋಜಿಗೆ ಹೋಗಬೇಡಿ ಎಂಬುದು ನನ್ನ ಸಲಹೆ.

ಇನ್ನೊಂದು ಸಂಗತಿ ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗಿದೆ: ಕುಡಿಯಲು ಫಿಲ್ಟರ್ ನೀರು, ಅಡಿಗೆಗೆ ನಲ್ಲಿ ನೀರು. ಹಳ್ಳಿಗಳಲ್ಲಿ ಎಲ್ಲರೂ ಮಾಡುವುದು ಇದನ್ನೇ, ಐದು ರೂಪಾಯಿಯ ಕ್ಯಾನು ಬೇಗ ಖಾಲಿಯಾಗುತ್ತದೆ ಎಂದು. ಮುದ್ದೆಯ ಎಸರಿಗೆ, ಸಾರಿಗೆ, ಬೇಳೆಗೆ, ಅನ್ನಕ್ಕೆ ಹಾಕಿದ ನೀರು ಎಲ್ಲಿ ಹೋಯಿತು? ಊಟದ ಜೊತೆ ಒಳಗೇ ಹೋಯಿತು. ಅದರ ಮೇಲೆ ದಿನಕ್ಕೆ ನಾಲ್ಕು ಲೋಟ ಚಹಾ. ಚಹಾ ಗಿಡ ಮಣ್ಣಿನಿಂದ ಫ್ಲೋರೈಡ್ ಹೀರಿ ಎಲೆಯಲ್ಲಿ ಕೂಡಿಡುತ್ತದೆ, ಪುಡಿ ಕುದಿಸಿದಾಗ ಅದು ಲೋಟಕ್ಕೆ ಇಳಿಯುತ್ತದೆ. ಎರಡೂವರೆ ವರ್ಷದ ಮಗುವಿಗೆ ಬನ್ನು ಅದ್ದಿ ಚಹಾ ಕುಡಿಸುವ ರೂಢಿ ನಮ್ಮ ಕಡೆ ಈಗ ಮನೆಮನೆಯಲ್ಲಿದೆ. ಅದನ್ನು ಬಿಡಿಸಿ. ಹಣ ಇರುವುದು ಒಂದೇ ಕ್ಯಾನಿಗೆ ಎಂದಾದರೆ ಕುಡಿಯಲು, ಅಡಿಗೆಗೆ ಎಂದು ಹಂಚುವುದರ ಬದಲು ಮೊದಲು ಚಿಕ್ಕ ಮಕ್ಕಳ ಮತ್ತು ಬಸುರಿಯರ ಕುಡಿಯುವುದು, ಅಡಿಗೆ ಎರಡಕ್ಕೂ ಒಳ್ಳೆಯ ನೀರು ಬಳಸಿ.

ಆಹಾರದ ಬಗ್ಗೆಯೂ ಒಂದು ಮಾತು. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಒಂದಷ್ಟು ಫ್ಲೋರೈಡನ್ನು ಹಿಡಿದು ರಕ್ತಕ್ಕೆ ಸೇರದಂತೆ ಮಾಡುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಎರಡು ಎಮ್ಮೆ ಇಟ್ಟುಕೊಂಡು ಹಾಲನ್ನೆಲ್ಲ ಡೇರಿಗೆ ಹಾಕಿ ಮಕ್ಕಳಿಗೆ ಕರಿ ಚಹಾ ಕೊಡುವ ಮನೆ ನಿಮ್ಮದಾಗಿರದಿರಲಿ. ಮಜ್ಜಿಗೆ, ಹಾಲು, ಸೊಪ್ಪು, ನೆಲ್ಲಿಕಾಯಿ ದುಬಾರಿ ಔಷಧಿಯಲ್ಲ. ಇದರಿಂದ 2.8ರ ನೀರು ಸುರಕ್ಷಿತವಾಗಿಬಿಡುತ್ತದೆ ಎಂದು ಮಾತ್ರ ತಿಳಿಯಬೇಡಿ.

ಊರಿನ ಶುದ್ಧ ನೀರಿನ ಘಟಕ ಸರಿಯಾಗಿ ನಡೆದರೆ ಆರ್‌ಒ ಫ್ಲೋರೈಡನ್ನು ಚೆನ್ನಾಗಿಯೇ ತೆಗೆಯುತ್ತದೆ. ‘ಸರಿಯಾಗಿ ನಡೆದರೆ’ ಎಂಬುದರಲ್ಲೇ ಎಲ್ಲ ಇದೆ. ಒಳಗಿನ ಮೆಂಬ್ರೇನ್ (ನೀರು ಸೋಸುವ ತೆಳು ಪೊರೆ) ಹಾಳಾದರೂ ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದೆ, ಕಾಯಿನ್ ನುಂಗುತ್ತಲೇ ಇರುತ್ತದೆ. ಘಟಕದವರ ಬಳಿ ಇರುವ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) ಮೀಟರ್ ಫ್ಲೋರೈಡ್ ಅಳೆಯುವುದಿಲ್ಲ, ಆದರೆ ಶುದ್ಧ ನೀರಿನ ಟಿಡಿಎಸ್ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಮೆಂಬ್ರೇನ್ ಸೋತಿದೆ ಎಂದು ಅರ್ಥ. ಗೋಡೆಯ ಮೇಲೆ ದಿನಾಂಕ ಹಾಕಿ ಅದನ್ನು ಬರೆಸಿ. ಮತ್ತೆ ಹಿಂದಿನ ಪೈಪಿನಿಂದ ಹೊರಬೀಳುವ ನೀರು. ಒಳಹೋದ ನೀರಿನ ಅರ್ಧ ಹೊರಬಿದ್ದರೆ ಅದರಲ್ಲಿ ಫ್ಲೋರೈಡ್ 5 ಮಿಲಿಗ್ರಾಂ ದಾಟಿರುತ್ತದೆ. ಹಲವು ಊರುಗಳಲ್ಲಿ ‘ದಂಡ ಆಗೋದು ಯಾಕೆ’ ಎಂದು ಅದನ್ನು ದನದ ತೊಟ್ಟಿಗೆ ಬಿಟ್ಟಿರುತ್ತಾರೆ. ದನಗಳಿಗೂ ಫ್ಲೋರೋಸಿಸ್ ಬರುತ್ತದೆ. ಹಲ್ಲು ಸವೆದ ಎಮ್ಮೆ ಮೇವು ಅಗಿಯಲಾರದೆ ಬಡಕಲಾಗುತ್ತದೆ. ಆ ನೀರನ್ನು ಬೋರಿನ ಬುಡಕ್ಕೂ ಬಿಡಬಾರದು, ಮತ್ತೆ ಒಳಗೇ ಇಂಗುತ್ತದೆ.

ನಿಮ್ಮಂಥ ಊರಿಗೆ ನನ್ನ ಮೆಚ್ಚಿನ ದಾರಿ ಮಳೆ ನೀರು. ಜನ ಇದನ್ನು ಕೇಳಿ ನಗುತ್ತಾರೆ, ‘ಮಳೆ ಎಲ್ಲಿ ಬರುತ್ತೆ ಸಾರ್’ ಅಂತ. ಲೆಕ್ಕ ಹಾಕಿ ನೋಡಿ. ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ನಿಮ್ಮದೂ ಒಂದು, ಆದರೂ ವರ್ಷಕ್ಕೆ 500 ಮಿಲಿಮೀಟರ್ ಬಿದ್ದರೆ ಐದೂವರೆ ಚದರದ (550 ಚದರ ಅಡಿಯ) ತಾರಸಿಯ ಮೇಲೆ 25 ಸಾವಿರ ಲೀಟರ್ ಸುರಿಯುತ್ತದೆ. ಐದನೇ ಒಂದು ಪಾಲು ಪೋಲಾಯಿತು ಎಂದರೂ 20 ಸಾವಿರ ಉಳಿಯಿತು. ಐದು ಜನರ ಮನೆಗೆ ಕುಡಿಯಲು, ಅಡಿಗೆಗೆ ದಿನಕ್ಕೆ 25 ಲೀಟರ್ ಎಂದರೆ ವರ್ಷಕ್ಕೆ ಬೇಕಾದ್ದು ಸುಮಾರು 9 ಸಾವಿರ. ಮಳೆ ಅರ್ಧಕ್ಕೆ ಇಳಿದ ವರ್ಷವೂ ಸಾಲುತ್ತದೆ. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಚೌಳು ಮಣ್ಣಿನ ಮಾಳಿಗೆ ಇದ್ದಾಗ ಇದು ಆಗದ ಮಾತಾಗಿತ್ತು, ಈಗ ನಿಮ್ಮ ಕಡೆಯೂ ಆರ್‌ಸಿಸಿ ತಾರಸಿಗಳೇ. ತೊಡಕು ಇರುವುದು ತೊಟ್ಟಿಯಲ್ಲಿ. ಚಿತ್ತಾ ಮಳೆ ಮುಗಿದು ಮುಂದಿನ ವರ್ಷ ಮುಂಗಾರಿಗೆ ಮುಂಚಿನ ಮಳೆಗಳವರೆಗೆ ಆರು ತಿಂಗಳು ದಾಟಿಸಲು 4,500 ಲೀಟರ್ ಹಿಡಿಯುವ ಮುಚ್ಚಿದ ತೊಟ್ಟಿ ಬೇಕು. ಮೊದಲ ಮಳೆಯನ್ನು ಹೊರಗೆ ಬಿಡಬೇಕು, ತಾರಸಿಯ ಮೇಲೆ ಶೇಂಗಾ ಹೊಟ್ಟು ಒಣಗಿಸಬಾರದು, ತೊಟ್ಟಿಗೆ ಸೊಳ್ಳೆ ಹೋಗಬಾರದು. ಸೊಳ್ಳೆ ಮೊಟ್ಟೆ ಇಟ್ಟರೆ ಫ್ಲೋರೋಸಿಸ್ ಬಿಟ್ಟು ಡೆಂಗಿ ಹಿಡಿದಂತಾಗುತ್ತದೆ.

ನದಿ ನೀರು ಕೊಳವೆಯಲ್ಲಿ ಬಂದರೆ ಎಲ್ಲಕ್ಕಿಂತ ಒಳ್ಳೆಯದು. ದುರ್ಗ, ಹಿರಿಯೂರು, ಚಳ್ಳಕೆರೆ ಪಟ್ಟಣಗಳಿಗೆ ವಾಣಿವಿಲಾಸ ಸಾಗರದ ನೀರು ಇದೆ. ಬಹುಗ್ರಾಮ ಯೋಜನೆಯ ಕೊಳವೆ ನಿಮ್ಮೂರಿಗೆ ಬಂದಿದ್ದರೆ ನಿಮ್ಮ ನಲ್ಲಿಗೆ ಬರುವುದು ನದಿಯದ್ದೋ, ಅದು ನಿಂತ ದಿನ ತಿರುಗಿಸುವ ಬೋರಿನದ್ದೋ ಎಂದು ನೀರುಗಂಟಿಯನ್ನು ಕೇಳಿ. ಅವನಿಗೆ ಗೊತ್ತಿರುವಷ್ಟು ಯಾವ ಸಮೀಕ್ಷೆಗೂ ಗೊತ್ತಿರುವುದಿಲ್ಲ.

ಮೂಲ ಬದಲಿಸಿದರೆ ನಿಜಕ್ಕೂ ಫಲ ಸಿಗುತ್ತದಾ ಎಂಬ ಅನುಮಾನಕ್ಕೆ ಒಂದು ಹಳೆಯ ಕಥೆ ಸಾಕು. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿನ ಬಹುಪಾಲು ಮಕ್ಕಳಿಗೆ ಕಂದು ಹಲ್ಲು. ಹಂದಿಮಾಂಸ ಹೆಚ್ಚು ತಿಂದದ್ದಕ್ಕೆ, ಕಳಪೆ ಹಾಲಿಗೆ ಎಂದೆಲ್ಲ ಜನ ಹೇಳುತ್ತಿದ್ದರು, ನಮ್ಮಲ್ಲಿ ಎಲೆಅಡಿಕೆ ಎನ್ನುವ ಹಾಗೆ. ಇದರ ಬೆನ್ನು ಹತ್ತಿದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು 1923ರಲ್ಲಿ ಐಡಹೊ ರಾಜ್ಯದ ಓಕ್ಲಿ ಎಂಬ ಊರಿಗೆ ಹೋದರು. ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಪೈಪ್ ಹಾಕಿದ ಮೇಲೆ ಮಕ್ಕಳ ಹಲ್ಲು ಹೀಗಾಯಿತು ಎಂದು ಅಲ್ಲಿನ ತಂದೆತಾಯಿಗಳು ಹೇಳಿದರು. ಮೆಕೇ ನೀರು ಪರೀಕ್ಷಿಸಿದರು, ಏನೂ ಸಿಗಲಿಲ್ಲ. ಆದರೂ ತಾಯಂದಿರ ಮಾತು ನಂಬಿ ಆ ಪೈಪ್ ಬಿಟ್ಟು ಬೇರೆ ಬುಗ್ಗೆಗೆ ಹೋಗಿ ಎಂದರು. ಕೆಲವೇ ವರ್ಷಗಳಲ್ಲಿ ಅಲ್ಲಿನ ಚಿಕ್ಕ ಮಕ್ಕಳಿಗೆ ಕಲೆ ಇಲ್ಲದ ಹಲ್ಲು ಬಂತು. ಆ ಕಲೆಯ ಹಿಂದೆ ಇರುವುದು ಫ್ಲೋರೈಡ್ ಎಂದು ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞರು ಕಂಡುಹಿಡಿದದ್ದು ಅದಾದ ಮೇಲೆ, 1931ರಲ್ಲಿ. ನಮ್ಮ ದೇಶದಲ್ಲಿ ನೆಲ್ಲೂರು ಕಡೆಯ ಮೂಳೆಯ ಫ್ಲೋರೋಸಿಸ್ ವರದಿ ಬಂದದ್ದು 1937ರಲ್ಲಿ.

ಅಮ್ಮನ ಮಂಡಿ ನೋವಿಗೆ ಫ್ಲೋರೈಡೇ ಕಾರಣ ಎಂದು ಈಗಲೇ ತೀರ್ಮಾನ ಮಾಡಬೇಡಿ. ಆ ವಯಸ್ಸಿನಲ್ಲಿ ಮಂಡಿ ನೋವಿಗೆ ಸವಕಳಿಯೇ ಸಾಮಾನ್ಯ ಕಾರಣ, ಒಳ್ಳೆ ನೀರಿನ ಊರಿನಲ್ಲೂ ಇರುತ್ತದೆ. ಮೂಳೆಯ ಫ್ಲೋರೋಸಿಸ್ ಆದವರಲ್ಲಿ ಬೆನ್ನು, ಕುತ್ತಿಗೆ ಬಿಗಿಯುತ್ತವೆ. ನೆಲದ ಮೇಲೆ ಒಂದು ನಾಣ್ಯ ಇಟ್ಟು ಮಂಡಿ ಬಗ್ಗಿಸದೆ ಎತ್ತಲು ಹೇಳಿ. ಗದ್ದ ಎದೆಗೆ ತಾಗಿಸಲು ಹೇಳಿ. ಎರಡೂ ಕೈ ತಲೆಯ ಹಿಂದೆ ಕಟ್ಟಲು ಹೇಳಿ. ಇವು ಆಗದಿದ್ದರೆ ಮುಂಗೈ ಮತ್ತು ಸೊಂಟದ ಎಕ್ಸ್‌ರೇ ತೆಗೆಸಿ, ಕಿಡ್ನಿ ಪರೀಕ್ಷೆಯನ್ನೂ ಮಾಡಿಸಿ. ಕಿಡ್ನಿ ಸೋತವರ ದೇಹದಲ್ಲಿ ಫ್ಲೋರೈಡ್ ಹೆಚ್ಚು ಉಳಿಯುತ್ತದೆ. ಮೂಳೆಗೆ ಸೇರಿದ ಫ್ಲೋರೈಡನ್ನು ಹೊರತೆಗೆಯುವ ಮಾತ್ರೆ ಇಲ್ಲ. ಹಾಗೆಂದು ಮಾರುವವರು ಇದ್ದಾರೆ, ದೂರ ಇರಿ. ಮೆಡಿಕಲ್ ಶಾಪಿನಿಂದ ದಿನಾ ನೋವಿನ ಮಾತ್ರೆ ತಂದು ನುಂಗುವುದು ಅದಕ್ಕಿಂತ ಅಪಾಯ.

ಮಗಳ ಹಲ್ಲು. ಹಲ್ಲಿನ ಹೊರಪದರ ದವಡೆಯೊಳಗೆ ರೂಪುಗೊಳ್ಳುವಾಗ ಆದ ಗುರುತು ಅದು. ಹಸಿ ಗಾರೆಯ ಮೇಲೆ ಬಿದ್ದ ಕೈಗುರುತು ಒಣಗಿದ ಮೇಲೆ ತೊಳೆದರೆ ಹೋಗುವುದಿಲ್ಲ, ಇದೂ ಹಾಗೇ. ಇಟ್ಟಿಗೆ ಪುಡಿ, ಇದ್ದಿಲು, ನಿಂಬೆಹಣ್ಣು ಹಾಕಿ ತಿಕ್ಕಿಸಬೇಡಿ, ಇರುವ ಪದರವೂ ಸವೆಯುತ್ತದೆ. ದಂತವೈದ್ಯರು ಮೇಲ್ಪದರವನ್ನು ನವಿರಾಗಿ ಉಜ್ಜಿ ಕಲೆ ತಿಳಿಯಾಗಿಸಬಲ್ಲರು, ಹಲ್ಲಿನ ಬಣ್ಣದ ಕಾಂಪೊಸಿಟ್ ಹಚ್ಚಬಲ್ಲರು. ದಾವಣಗೆರೆಯ ದಂತ ಕಾಲೇಜುಗಳಲ್ಲಿ ಇದು ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ವಿನೀರ್‌ನಂಥ (ಹಲ್ಲಿನ ಮೇಲೆ ಅಂಟಿಸುವ ತೆಳು ಹೊದಿಕೆ) ದುಬಾರಿ ಚಿಕಿತ್ಸೆಗೆ ಅವಸರ ಬೇಡ, ಅವಳು ದೊಡ್ಡವಳಾಗಲಿ. ಬಾಯಿಗೆ ಕೈ ಅಡ್ಡ ಇಡುತ್ತಾಳೆ ಎಂದಿದ್ದೀರಿ. ಅದನ್ನು ಸಣ್ಣ ವಿಷಯ ಎಂದು ಬಿಡಬೇಡಿ, ಮುಂದಿನ ನಾಲ್ಕು ಹಲ್ಲಿಗಾದರೂ ಈಗಲೇ ತೋರಿಸಿ.

ಮಗನ ವಿಷಯ ತುರ್ತಿನದು. ಮೇಲಿನ ಮುಂದಿನ ಎರಡು ಶಾಶ್ವತ ಹಲ್ಲುಗಳಿಗೆ ಅತಿ ಸೂಕ್ಷ್ಮ ಕಾಲ ಸುಮಾರು 15ರಿಂದ 30 ತಿಂಗಳ ವಯಸ್ಸು. ಅವನು ಅದರ ಕೊನೆಯಲ್ಲಿದ್ದಾನೆ. ಉಳಿದ ಹಲ್ಲುಗಳು ಎಂಟು ವರ್ಷದವರೆಗೂ ರೂಪುಗೊಳ್ಳುತ್ತಿರುತ್ತವೆ. ಅಂದರೆ ಇನ್ನೂ ಉಳಿಸಲು ಬಹಳಷ್ಟಿದೆ. ಪೇಸ್ಟ್ ಅಕ್ಕಿಕಾಳಿನಷ್ಟೇ ಇರಲಿ, ನುಂಗದಂತೆ ನೀವು ನಿಂತು ಉಜ್ಜಿಸಿ. ಮನೆಯಲ್ಲಿ ಮುಂದೆ ಕೂಸು ಹುಟ್ಟಿದರೆ ಎದೆಹಾಲೇ ಸಾಕು: ತಾಯಿ ಫ್ಲೋರೈಡ್ ನೀರು ಕುಡಿಯುತ್ತಿದ್ದರೂ ಎದೆಹಾಲಿಗೆ ಬರುವುದು ಅತ್ಯಲ್ಪ. ಡಬ್ಬಿ ಹಾಲಿನ ಪುಡಿಯನ್ನು ಬೋರಿನ ನೀರಿನಲ್ಲಿ ಕಲಸಿದರೆ ಆ ರಕ್ಷಣೆ ಹೋಯಿತು.

ಅವನನ್ನು ದಾವಣಗೆರೆಯಲ್ಲಿ ಬಿಡಬೇಡಿ. ಪಟ್ಟಣದ ನಲ್ಲಿಗೆ ಬರುವುದು ತುಂಗಭದ್ರೆಯ, ಭದ್ರಾ ನಾಲೆಯ ನೀರು, ಅದು ಒಳ್ಳೆಯದೇ. ಆದರೆ ಹೊರಬಡಾವಣೆಯಲ್ಲಿ ಅಕ್ಕನ ಮನೆ ಇದ್ದರೆ ಅಲ್ಲೂ ಬೋರೇ ಇರಬಹುದು. ಎರಡೂವರೆ ವರ್ಷದ ಮಗುವನ್ನು ತಾಯಿಯಿಂದ ಬೇರೆ ಮಾಡುವುದರಿಂದ ಆಗುವ ನಷ್ಟ ದಿನಕ್ಕೆ ನಾಲ್ಕೈದು ಲೀಟರ್ ಒಳ್ಳೆಯ ನೀರು ಹೊಂದಿಸುವ ಕಷ್ಟಕ್ಕಿಂತ ದೊಡ್ಡದು.

ಈ ವಾರ ಮಾಡಬೇಕಾದ್ದು: ಒಂದೊಂದು ಲೀಟರಿನ ಮೂರು ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ, ಗಾಜಿನದು ಬೇಡ. ಬೋರನ್ನು ಹತ್ತು ನಿಮಿಷ ಓಡಿಸಿ ಒಂದು, ಫಿಲ್ಟರ್ ಘಟಕದ ನಲ್ಲಿಯಿಂದ ಒಂದು, ಹಳೇ ಬಾವಿಯಿಂದ ಒಂದು ತುಂಬಿ, ಅದೇ ನೀರಿನಲ್ಲಿ ಮೊದಲು ಎರಡು ಸಲ ಗಲಬರಿಸಿ. ಚೀಟಿ ಅಂಟಿಸಿ ಜಾಗ, ದಿನಾಂಕ ಬರೆಯಿರಿ. ಪಂಚಾಯಿತಿಯಲ್ಲಿ ಬಣ್ಣ ನೋಡಿ ಹೇಳುವ ಪರೀಕ್ಷಾ ಕಿಟ್ ಇದ್ದರೆ ಮೊದಲು ಅದರಲ್ಲಿ ನೋಡಿ, ಅದು ಅಂದಾಜು ಮಾತ್ರ. ನಂತರ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಿ ಫ್ಲೋರೈಡ್, ನೈಟ್ರೇಟ್, ಕ್ಯಾಲ್ಸಿಯಂ, ಟಿಡಿಎಸ್ ನಾಲ್ಕನ್ನೂ ಕೇಳಿ. ಕೀಟಾಣು ಪರೀಕ್ಷೆಗೆ ಬಾವಿಯ ನೀರನ್ನು ಪ್ರಯೋಗಾಲಯದವರೇ ಕೊಡುವ ಬೇರೆ ಶುದ್ಧ ಬಾಟಲಿಯಲ್ಲಿ ಒಯ್ಯಬೇಕು. ಬೇಸಿಗೆಯಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಮಾಡಿಸಿ, ಒಂದೇ ಬೋರಿನಲ್ಲಿ ಎರಡು ಕಾಲಕ್ಕೆ ಎರಡು ಅಂಕಿ ಬರುತ್ತದೆ. ಬಾವಿಯ ನೀರಿನಲ್ಲಿ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗೆ, ನೈಟ್ರೇಟ್ 45 ಮಿಲಿಗ್ರಾಂ ಒಳಗೆ ಬಂದರೆ ಅದನ್ನು ಹೂಳೆತ್ತಿಸಿ, ಬಾಯಿ ಮುಚ್ಚಿಸಿ, ಕ್ಲೋರಿನ್ ಹಾಕಿ ಊರಿಗೆಲ್ಲ ಬಳಸಬಹುದು. ನೈಟ್ರೇಟ್ 45 ದಾಟಿದರೆ ಆ ಬಾವಿಯ ಆಸೆ ಬಿಟ್ಟು ತೊಟ್ಟಿಗೆ ಗಾರೆಯವನನ್ನು ಕರೆಸಿ.